ಶಿವಗಂಗಮ್ಮನಿಗೆ ಸೋಕಿದ ಗಾಳಿ

ಹೊಸದುರ್ಗದಲ್ಲಿ ಖಾಸಗಿ ಬಸ್ಸಿನ ಸಮಯ ತಿಳಿಯಬೇಕೆಂದರೆ ಯಾರೂ ಬೋರ್ಡು ನೋಡುತ್ತಿರಲಿಲ್ಲ. ಬೋರ್ಡಿನಲ್ಲಿ ಬರೆದಿರುವುದು ಯಾವ ಕಾಲದ್ದೋ, ಬಸ್ಸಿನವರಿಗೇ ಅದರ ನೆನಪಿಲ್ಲ. ಸ್ಟ್ಯಾಂಡಿನ ಬಡಗಣ ಗೋಡೆಯ ಮೂಲೆಯಲ್ಲಿ ಕರಿ ಕಂಬಳಿ ಹಾಸಿಕೊಂಡು ಹೂ ಕಟ್ಟುತ್ತ ಕೂತಿರುತ್ತಿದ್ದ ಶಿವಗಂಗಮ್ಮನನ್ನು ಕೇಳಿದರೆ ಮುಗಿಯಿತು. ಅವಳು ತಲೆ ಕೂಡ ಎತ್ತುತ್ತಿರಲಿಲ್ಲ. ಬೆರಳು ಬಾಳೆನಾರಿನ ಮೇಲೆ ಓಡುತ್ತಿದ್ದಂತೆಯೇ ಉತ್ತರ ಬರುತ್ತಿತ್ತು.

"ಹೊಳಲ್ಕೆರೆ ಮ್ಯಾಲೆ ದುರ್ಗಕ್ಕಾ? ಎಂಟೂಕಾಲಿಂದು ಹೋತು. ಎಂಟು ನಲವತ್ತಕ್ಕೆ ಕನಕರಾಜನ ಗಾಡಿ ಐತೆ. ಕುಂತ್ಕಳ್ರಿ."

ಕುಂತುಕೊಂಡವರಲ್ಲಿ ನಾನೂ ಒಬ್ಬ. ನನ್ನ ಹೆಸರು ನಾಗಭೂಷಣ. ಮನೆ ಹೊಸದುರ್ಗ, ಕೆಲಸ ಹೊಳಲ್ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ. ಒಂಬತ್ತು ವರ್ಷ ಆ ಎಂಟು ನಲವತ್ತರ ಬಸ್ಸಿಗೆ ಅವಳ ಪಕ್ಕದಲ್ಲೇ ಕೂತು ಕಾದಿದ್ದೇನೆ. ನಾನು ವಿಜ್ಞಾನದ ಮೇಷ್ಟ್ರು ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲು ನಾಚಿಕೆಯಾಗುತ್ತದೆ.

ಶಿವಗಂಗಮ್ಮ ಕುರಿಗಾರರ ಮನೆಯ ಮಗಳು. ಅವಳ ತವರು ಹೊಳಲ್ಕೆರೆಯಾಚೆಯ ಒಂದು ಹಟ್ಟಿ. ಹುಟ್ಟಿದ್ದೇ ಬಯಲಿನಲ್ಲಿ, ಮಂದೆಯ ಪಕ್ಕದಲ್ಲಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಮದುವೆಯಾಗುವವರೆಗೆ ಬಾಗಿಲು ಹಾಕಿದ ಮನೆಯೊಳಗೆ ಮಲಗಿದ್ದು ಬೆರಳೆಣಿಕೆಯ ದಿನವಂತೆ. ಬೇಸಿಗೆ ಬಂತೆಂದರೆ ಅವಳಪ್ಪ ಕುರಿ ಹೊಡೆದುಕೊಂಡು ಜೋಗಿಮಟ್ಟಿ ತಪ್ಪಲಿನವರೆಗೆ ಹೋಗುತ್ತಿದ್ದ, ಇವಳು ಹಿಂದೆ.

"ಅಲ್ಲಿ ಗಾಳಿ ಹೆಂಗ್ ಬೀಸ್ತಿತ್ತು ಅಂತೀರಿ ಮೇಷ್ಟ್ರೆ! ಕೈಯಾಗಿನ ರೊಟ್ಟಿ ಹಾರಿ ಹೋಗಾದು. ಈಗ ನೋಡ್ರಿ, ಗುಡ್ಡದ ಮ್ಯಾಲೆಲ್ಲ ಫ್ಯಾನು ನೆಟ್ಟವ್ರೆ. ನಾವು ಪುಕ್ಕಟೆ ಉಂಡಿದ್ದನ್ನ ಕರೆಂಟ್ ಮಾಡಿ ಮಾರ್ತಾರೆ," ಎಂದು ನಗುತ್ತಿದ್ದಳು.

ಅವಳ ಮದುವೆಯಾದದ್ದೂ ಬಸ್ ಸ್ಟ್ಯಾಂಡಿನಿಂದಲೇ. ಅಪ್ಪನ ಜೊತೆ ಕಂಬಳಿ ಮಾರಲು ಬಂದವಳು ಹೊಳಲ್ಕೆರೆಗೆ ವಾಪಸು ಹೋಗಬೇಕಿತ್ತು. ಬಸ್ಸಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟ್ ಚಿತ್ತಯ್ಯ ಇವರನ್ನು ಗಡಿಬಿಡಿಯಲ್ಲಿ ಹಿರಿಯೂರು ಬಸ್ಸಿಗೆ ತಳ್ಳಿಬಿಟ್ಟ. ಮರುದಿನ ಹಿರಿಯೂರಿನಿಂದ ತಿರುಗಿ ಬಂದವಳು ನಡು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅವನಿಗೆ ಬೈದಳಂತೆ. ದಿನವಿಡೀ ಕೂಗುವ ಗಂಡಸಿನ ಬಾಯಿ ಮುಚ್ಚಿಸಿದ ಹೆಣ್ಣು ಅವಳೊಬ್ಬಳೇ ಎಂದು ಚಿತ್ತಯ್ಯ ಹಿರಿಯರನ್ನು ಕರೆದುಕೊಂಡು ಹಟ್ಟಿಗೆ ಹೋಗಿ ಹೆಣ್ಣು ಕೇಳಿದ. ಆಗಿನಿಂದ ಅವನು ಕೂಗುವುದು, ಅವಳು ಹೂ ಕಟ್ಟುವುದು, ಇಬ್ಬರದೂ ಒಂದೇ ಸ್ಟ್ಯಾಂಡು. ಮಕ್ಕಳಾಗಲಿಲ್ಲ. ಅದನ್ನು ಇಬ್ಬರೂ ನನ್ನ ಮುಂದೆ ಎಂದೂ ಆಡಿಲ್ಲ, ನಾನೂ ಕೇಳಿಲ್ಲ.

ಚಿತ್ತಯ್ಯನ ಗಂಟಲು ದೊಡ್ಡದು. "ದುರ್ಗ ದುರ್ಗ ದುರ್ಗಾ! ಹೊಳಲ್ಕೆರೆ ದುರ್ಗಾ!" ಎಂದರೆ ಸಂತೆಯ ಆ ತುದಿಗೆ ಕೇಳುತ್ತಿತ್ತು. ಆದರೆ ಬರೀ ಕೂಗಿದರೆ ಜನ ಹತ್ತುವುದಿಲ್ಲ. ನಿಂತ ಬಸ್ಸನ್ನು ನಮ್ಮ ಜನ ನಂಬುವುದೇ ಇಲ್ಲ. ಇಂಜಿನ್ನು ಗುರ್‍ರ್ ಅನ್ನುತ್ತಿರಬೇಕು, ಡ್ರೈವರ್ ಒಂದು ಮೊಳ ಮುಂದೆ, ಒಂದು ಮೊಳ ಹಿಂದೆ ಆಡಿಸುತ್ತಿರಬೇಕು. ಆಗ ಹೊರಟೇಬಿಟ್ಟಿತು ಎಂದು ಚೀಲ ಎತ್ತಿಕೊಂಡು ಓಡಿ ಬರುತ್ತಾರೆ. ಹತ್ತಿ ಕೂತಮೇಲೆ ಇನ್ನೂ ಇಪ್ಪತ್ತು ನಿಮಿಷ ಗುರ್‍ರ್. ಒಂಬತ್ತು ವರ್ಷ ಈ ಆಟ ಗೊತ್ತಿದ್ದೂ ಓಡಿ ಓಡಿ ಹತ್ತಿದವನು ನಾನು. ಇಂಜಿನ್ ಬಂದ್ ಮಾಡಿದ ಡ್ರೈವರಿಗೆ ಚಿತ್ತಯ್ಯನೇ ಗದರುತ್ತಿದ್ದ, "ಲೇ ಕನಕರಾಜ, ಗಾಡಿ ಸತ್ತಂಗೆ ನಿಲ್ಸಿದ್ರೆ ಯಾವನು ಹತ್ತಾನೋ? ಸ್ಟಾರ್ಟ್ ಮಾಡಲೇ."

ಮೊದಲು ಇದೆಲ್ಲ ಬಯಲಿನಲ್ಲಿ ನಡೆಯುತ್ತಿತ್ತು. ಹಳೆಯ ಸ್ಟ್ಯಾಂಡೆಂದರೆ ಒಂದು ಖಾಲಿ ಜಾಗ, ಬಡಗಣ ಅಂಚಿಗೆ ಬೇವಿನ ಮರ, ಮರದಡಿ ಶಿವಗಂಗಮ್ಮ. ಮೂರು ವರ್ಷದ ಹಿಂದೆ ಮರ ಕಡಿದು ಕಟ್ಟಡ ಎಬ್ಬಿಸಿದರು. ಮೇಲೆ ಅಂಗಡಿ ಮಳಿಗೆ, ಕೆಳಗೆ ಬಸ್ಸು. ಬಸ್ಸಿನ ತಲೆಗೆ ತಾಗುವಷ್ಟು ತಗ್ಗಾದ ಸೂರು, ಮೂರು ಕಡೆ ಗೋಡೆ, ಹೋಗಲಿಕ್ಕೂ ಬರಲಿಕ್ಕೂ ಒಂದೇ ಬಾಯಿ. ಬಡಗಣ ಗೋಡೆಯಲ್ಲಿ, ಸೂರಿನ ಕೆಳಗೆ, ಸಾಲಾಗಿ ಹನ್ನೊಂದು ಕಿಂಡಿ. ಹೊಗೆ ಎಳೆದು ಹೊರಗೆ ಹಾಕಲು ಎರಡು ದೊಡ್ಡ ಫ್ಯಾನುಗಳನ್ನೂ ಕೂರಿಸಿದ್ದರು. ಅವಕ್ಕೆ ವೈರು ಎಳೆಯುವುದು ಯಾರ ಕೆಲಸವೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಪಾರಿವಾಳ ಗೂಡು ಕಟ್ಟಿದವು.

ನಮಗೆಲ್ಲ ಖುಷಿಯೋ ಖುಷಿ. ಬಿಸಿಲಿಲ್ಲ, ಮಳೆಯಿಲ್ಲ, ಕೂರಲು ಕಲ್ಲುಬೆಂಚು. ಚಿತ್ತಯ್ಯನಿಗಂತೂ ಸೂರಿಗೆ ಬಡಿದು ವಾಪಸು ಬರುವ ತನ್ನ ದನಿ ಕೇಳಿ ಇನ್ನೂ ಹುರುಪು. ಶಿವಗಂಗಮ್ಮ ಮಾತ್ರ ಮೊದಲ ದಿನ ಕಂಬಳಿ ಹಾಸಿ ಕೂತು, ಮೇಲೆ ನೋಡಿ, "ದೊಡ್ಡಿ ಕಟ್ಟಿದಂಗೈತೆ," ಎಂದಳು. ಕಿಂಡಿಯ ಕೆಳಗೇ ಜಾಗ ಆರಿಸಿಕೊಂಡಳು.

ಮೊದಲು ಕೆಟ್ಟದ್ದು ಹೂವು. ಹಿರಿಯೂರಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಮಲ್ಲಿಗೆ, ಮರದಡಿಯಲ್ಲಿ ಸಂಜೆವರೆಗೆ ಬೆಳ್ಳಗಿರುತ್ತಿದ್ದದ್ದು, ಇಲ್ಲಿ ಮಧ್ಯಾಹ್ನಕ್ಕೇ ಕಂದುತ್ತಿತ್ತು. ಬುಟ್ಟಿಯ ಮೇಲೆ ಒದ್ದೆ ಮಾಡಿ ಹೊದಿಸುವ ಪಂಚೆಯ ತುಂಡು ಬೆಳಿಗ್ಗೆ ಬಿಳಿ, ಸಂಜೆ ಬೂದಿ ಬಣ್ಣ. "ಹಿರಿಯೂರಿನೋರು ಹಳೇ ಹೂವು ಕಳಿಸ್ತವ್ರೆ," ಎಂದು ಅವಳು ಫೋನಿನಲ್ಲಿ ಜಗಳವಾಡುತ್ತಿದ್ದಳು. ಆ ಬಟ್ಟೆಯನ್ನು ನಾನು ದಿನಾ ನೋಡಿದ್ದೇನೆ. ಹಿಂಡಿದರೆ ಕಪ್ಪು ನೀರು ಇಳಿಯುವುದನ್ನೂ ನೋಡಿದ್ದೇನೆ. ನೋಡಿ ಪೇಪರು ಓದಿದ್ದೇನೆ.

ಆಮೇಲೆ ತಲೆನೋವು ಶುರುವಾಯಿತು. ಮಧ್ಯಾಹ್ನವಾಗುತ್ತಿದ್ದಂತೆ ಹಣೆ ಒತ್ತಿಕೊಳ್ಳುವಳು, ವಾಕರಿಕೆ ಎನ್ನುವಳು, ಕಟ್ಟಿದ ಮಾಲೆಯ ಅಳತೆ ತಪ್ಪುವಳು. ಮನೆಗೆ ಹೋದರೆ ನೆಟ್ಟಗೆ. ತವರಿಗೆ ನಾಲ್ಕು ದಿನ ಹೋದರೆ ಹುಡುಗಿಯಾಗಿ ಬರುವಳು. ಪಕ್ಕದಲ್ಲಿ ಸೌತೆಕಾಯಿ ಮಾರುವ ಕಾಳಕ್ಕ ರೇಗಿಸುತ್ತಿದ್ದಳು, "ಇವ್ಳಿಗೆ ಬಸ್ ಸ್ಟ್ಯಾಂಡ್ ಕಂಡ್ರೇನೇ ಕಾಯಿಲೆ." ನಾವು ನಕ್ಕೆವು. ಅವಳೂ ನಕ್ಕಳು.

ಈ ವರ್ಷ ಸಂಕ್ರಾಂತಿ ಕಳೆದ ವಾರ ನಗು ನಿಂತಿತು. ನಾನು ಶಾಲೆಯಿಂದ ಅರ್ಧ ದಿನಕ್ಕೇ ಬಂದು ಬಸ್ಸಿಳಿಯುತ್ತಿದ್ದೆ. ಶಿವಗಂಗಮ್ಮ ಎದ್ದು ನಿಂತಿದ್ದಳು. ಒಂದು ಕೈ ಗೋಡೆಗೆ, ಇನ್ನೊಂದು ಕುತ್ತಿಗೆಗೆ. ಬಾಯಿ ತೆರೆದು "ಗಾಳಿ… ಗಾಳಿ…" ಎಂದಳು. ಕಣ್ಣು ಮೇಲಾಯಿತು. ಹೂವಿನ ಬುಟ್ಟಿಯ ಮೇಲೇ ಬಿದ್ದಳು.

ಕಾಳಕ್ಕ ಎದೆ ಬಡಿದುಕೊಂಡಳು. "ಕೇಳಿದ್ರಾ? ಅದೇ ಬಾಯಿಬಿಟ್ಟು ಹೇಳ್ತೈತೆ. ಗಾಳಿ ಸೋಕೈತೆ ಕಣ್ರೋ ಇವ್ಳಿಗೆ!"

ನಮ್ಮ ಕಡೆ ದೆವ್ವ ಎಂಬ ಮಾತನ್ನು ಬಾಯಲ್ಲಿ ಆಡಲು ಹೆದರುತ್ತಾರೆ, ಗಾಳಿ ಎನ್ನುತ್ತಾರೆ. ಗಾಳಿ ಸೋಕಿತು, ಗಾಳಿ ಹಿಡಿಯಿತು, ಗಾಳಿ ಬಿಡಿಸಬೇಕು. ಚಿತ್ತಯ್ಯನ ಮುಖ ಬಿಳಿಚಿತು. ಹೆಂಡತಿಯನ್ನು ಎತ್ತಿಕೊಂಡು ಹೊರಗೆ ರಸ್ತೆಗೆ ಓಡಿದ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಸ್ಟ್ಯಾಂಡಿನ ಹೊಸಿಲು ದಾಟಿದ ಕೂಡಲೇ ಬಿಟ್ಟಿತು, ಅಂದಮೇಲೆ ಅದು ಸ್ಟ್ಯಾಂಡಿನೊಳಗಿನದೇ ಗಾಳಿ ಎಂದು ನೆರೆದವರೆಲ್ಲ ಒಪ್ಪಿದರು. ಈಗ ಯೋಚಿಸಿದರೆ, ಒಂದಕ್ಷರ ತಪ್ಪಿಲ್ಲದೆ ಸತ್ಯವನ್ನೇ ಹೇಳಿದ್ದರು.

ಊರಾಚೆಯ ಗುಡ್ಡದ ಮೇಲೆ ಗಾಳಿ ಬಿಡಿಸುವ ಬೋರಣ್ಣ ಎಂಬುವನಿದ್ದಾನೆ. ಅಲ್ಲಿಗೆ ಕರೆದುಕೊಂಡು ಹೋದರು. ನಾಲ್ಕೂ ಕಡೆ ತೆರೆದ ಮಂಟಪದಲ್ಲಿ ಮೂರು ದಿನ ಇಟ್ಟುಕೊಂಡ. ತಲೆನೋವು ಹೋಯಿತು, ಊಟ ಸೇರಿತು. ಕಳಿಸುವಾಗ ಬೋರಣ್ಣ ಕೇಳಿದನಂತೆ, ನೀನು ಕೂರುವ ಜಾಗದ ಹಿಂದೆ ಏನಿದೆ ಎಂದು. ಗೋಡೆ, ಗೋಡೆಯಲ್ಲಿ ಕಿಂಡಿ, ಕಿಂಡಿಯಾಚೆ ಕಡಿದ ಬೇವಿನ ಮೋಟು ಎಂದಳು. "ಅಲ್ಲಿಂದ್ಲೇ ಬರ್ತೈತೆ. ಕಿಂಡಿ ಮುಚ್ರಿ," ಎಂದು ಕೈಗೆ ದಾರ ಕಟ್ಟಿ ಕಳಿಸಿದ.

ಚಿತ್ತಯ್ಯ ಮಾರನೇ ದಿನವೇ ಕಿಂಡಿ ಮುಚ್ಚಲು ಹೊರಟ. ಹಬ್ಬ ಮುಗಿದು, ಹುಟ್ಟುಹಬ್ಬ ಮುಗಿದು ಕಂಬದಲ್ಲಿ ನೇತಾಡುತ್ತಿದ್ದ ಹಳೇ ಫ್ಲೆಕ್ಸುಗಳನ್ನು ಬಿಚ್ಚಿ ತಂದ. ಏಣಿ ಹಾಕಿದ. "ಮೇಷ್ಟ್ರೆ, ಒಸಿ ಹಿಡ್ಕಳ್ರಿ," ಎಂದ. ನಾನು ಹಿಡಿದೆ.

ಹೌದು, ಏಣಿ ಹಿಡಿದವನು ನಾನು. ದೆವ್ವ ಭೂತ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಪಾಠ ಹೇಳುವವನು. ಅವನ ನಂಬಿಕೆಗೆ ಒಳಗೊಳಗೇ ನಗುತ್ತ ಹಿಡಿದೆ. ಹನ್ನೊಂದು ಕಿಂಡಿಗೆ ಹನ್ನೊಂದು ಫ್ಲೆಕ್ಸು, ಒಂದೊಂದರಲ್ಲೂ ಕೈಮುಗಿದು ನಗುವ ಮುಖಗಳು, ಹಾರ್ದಿಕ ಶುಭಾಶಯಗಳು. "ಇಷ್ಟು ಜನ ಅಡ್ಡ ನಿಂತ ಮೇಲೆ ಇನ್ಯಾವ ಗಾಳಿ ಒಳಗೆ ಬರುತ್ತೆ ಚಿತ್ತಯ್ಯ?" ಎಂದು ತಮಾಷೆ ಬೇರೆ ಮಾಡಿದೆ. ಏಣಿಯ ಮೇಲಿಂದ ಅವನೂ ನಕ್ಕ.

ಶಿವಗಂಗಮ್ಮ ಕೆಳಗೆ ಕೂತು ನೋಡುತ್ತಿದ್ದಳು. "ಒಂದನ್ನಾದ್ರೂ ಬಿಡ್ರಿ," ಎಂದಳು.

"ಒಂದ್ ಬಿಟ್ರೆ ಅದ್ರಾಗೇ ಬರ್ತೈತೆ ಕಣೇ ಗಂಗಿ," ಎಂದು ಚಿತ್ತಯ್ಯ ಕೊನೆಯದನ್ನೂ ಬಿಗಿಯಾಗಿ ಕಟ್ಟಿ ಇಳಿದ. ಹೆಂಡತಿಯ ಮೇಲೆ ಅಷ್ಟು ಪ್ರೀತಿ ಅವನಿಗೆ. ಒಂದು ಗಂಟೂ ಸಡಿಲ ಬಿಡಲಿಲ್ಲ.

ಅಲ್ಲಿಂದ ಮುಂದಿನ ಎಂಟು ತಿಂಗಳು ಅವಳು ನನ್ನ ಕಣ್ಣೆದುರೇ ಇಳಿದಳು. ಕೆಮ್ಮು ಹತ್ತಿತು. ಕೆಮ್ಮಿ ಉಗುಳಿದರೆ ಕಪ್ಪು. ಬಸ್ಸಿನ ಸಮಯ ಕೇಳಿದರೆ ಒಂದು ಕ್ಷಣ ಯೋಚಿಸುವಳು. ಒಮ್ಮೆ ಎಂಟು ನಲವತ್ತು ಎನ್ನುವ ಬದಲು ಸಂಜೆಯ ಬಸ್ಸು ಹೇಳಿದಳು. ಮನೆಯಲ್ಲೇ ಇರು ಎಂದರೆ ಕೇಳುತ್ತಿರಲಿಲ್ಲ. "ನಾಲ್ಕು ಜನ ಮಾತಾಡ್ಸಿದ್ರೆ ನಂಗೆ ಉಂಡಂಗೆ," ಎನ್ನುವಳು. ಮನೆಯಲ್ಲಿ ವಾರ ಕೂತು ಸುಧಾರಿಸಿ ಬರುವಳು, ಬಂದ ಮೂರನೇ ದಿನ ಮತ್ತೆ ಅದೇ. ಗಾಳಿ ಇನ್ನೂ ಜಾಗ ಬಿಟ್ಟಿಲ್ಲ ಎಂದು ಚಿತ್ತಯ್ಯ ಗೋಡೆಗೆ ನಿಂಬೆಹಣ್ಣು ಕಟ್ಟಿದ.

ಸೆಪ್ಟೆಂಬರಿನಲ್ಲಿ ನಾನು ಹತ್ತನೇ ತರಗತಿಗೆ ಇಂಗಾಲದ ಪಾಠ ಮಾಡಿದೆ. ಇಂಧನ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಕಸಿಯುತ್ತದೆ, ತಲೆನೋವು, ವಾಕರಿಕೆ, ಎಚ್ಚರ ತಪ್ಪುವುದು. ಬೋರ್ಡಿನ ಮೇಲೆ ಇಷ್ಟನ್ನೂ ಬರೆದೆ. ಒಬ್ಬ ಹುಡುಗಿ ಎದ್ದು, "ಸಾರ್, ಅದು ನಮ್ಮ ಕಡೆ ಐತಾ?" ಎಂದು ಕೇಳಿದಳು. "ಇಲ್ಲಮ್ಮ, ಅದೆಲ್ಲ ದೊಡ್ಡ ಊರುಗಳಲ್ಲಿ," ಎಂದು ಡಸ್ಟರು ತಗೊಂಡು ಒರೆಸಿದೆ. ಅದೇ ಸಂಜೆ ಬಂದು ಶಿವಗಂಗಮ್ಮನ ಪಕ್ಕದಲ್ಲಿ ಬಸ್ಸಿಳಿದೆ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಆಯುಧಪೂಜೆ ಬಂತು. ಹೂವಿನವರಿಗೆ ಅದೇ ದೊಡ್ಡ ದಿನ. ಶಿವಗಂಗಮ್ಮ ಬೆಳಕು ಹರಿಯುವ ಮೊದಲೇ ಬಂದು ಕೂತು ಎಲ್ಲಾ ಬಸ್ಸಿಗೂ ಚೆಂಡುಹೂವಿನ ಹಾರ ಕಟ್ಟಿದ್ದಳು. ಬಸ್ಸುಗಳು ಒಂದರ ಪಕ್ಕ ಒಂದು ಒಳಗೇ ನಿಂತವು, ಬಾಳೆಕಂದು, ಕುಂಕುಮ, ಗಂಧದ ಕಡ್ಡಿ. ನಾನು ಹಾರ ಒಯ್ಯಲು ಹೋಗಿದ್ದೆ. ಬೂದುಗುಂಬಳಕಾಯಿ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣು ತುಳಿಸಬೇಕಾದರೆ ಗಾಡಿ ಸ್ಟಾರ್ಟ್ ಆಗಬೇಕು. ಎಲ್ಲವೂ ಒಟ್ಟಿಗೆ ಸ್ಟಾರ್ಟ್ ಆದವು. ಹಾರ್ನ್ ಹೊಡೆದರು, ಮಂಗಳಾರತಿ ಮುಗಿಯುವವರೆಗೆ ಯಾರೂ ಬಂದ್ ಮಾಡಲಿಲ್ಲ. ಪೂಜೆಯ ಗಾಡಿಯನ್ನು ಅರ್ಧಕ್ಕೆ ನಿಲ್ಲಿಸಬಾರದಂತೆ.

ಹೊಗೆಯಲ್ಲಿ ನನ್ನ ಕಣ್ಣು ಉರಿಯುತ್ತಿತ್ತು. ಮೂಲೆಯಿಂದ ಆ ದನಿ ಬಂತು.

"ಗಾಳಿ… ಗಾಳಿ…"

ಈ ಸಲ ಬಿದ್ದವಳು ಅಲುಗಲಿಲ್ಲ. ಮುಖ ಕೆಂಪಗೆ ಉಬ್ಬಿತ್ತು. ಜನ ಸುತ್ತ ಮುತ್ತಿಕೊಂಡರು. ಯಾರೋ ಬೇವಿನ ಸೊಪ್ಪು ತಂದರು. ಇನ್ಯಾರೋ ಕೆಂಡದ ಮೇಲೆ ಮೆಣಸಿನಕಾಯಿ, ಲೋಬಾನ ಹಾಕಿ ಅವಳ ಮೂಗಿನ ಹತ್ತಿರ ಹಿಡಿದರು, ಘಾಟಿಗೆ ಗಾಳಿ ಬಿಟ್ಟುಹೋಗಲಿ ಎಂದು. ಉಸಿರು ಸಿಗದವಳಿಗೆ ಹೊಗೆ ಕುಡಿಸುತ್ತಿದ್ದರು, ನಾನು ಹಾರ ಹಿಡಿದುಕೊಂಡು ನೋಡುತ್ತ ನಿಂತಿದ್ದೆ.

ಬುದ್ಧಿ ಓಡಿದ್ದು ಡ್ರೈವರ್ ಕನಕರಾಜನಿಗೆ. "ಬಿಡ್ರೋ ಅದನ್ನ! ಚಿತ್ತಯ್ಯಣ್ಣ, ಎತ್ತು ಅಕ್ಕನ್ನ. ದುರ್ಗಕ್ಕೆ ಹೋಗಾಣ ನಡಿ," ಎಂದು ಕೂಗಿ ಹಾರ ಹಾಕಿದ ಬಸ್ಸನ್ನೇ ಹೊರಗೆ ತೆಗೆದ. ಸೀಟಿನ ಮೇಲೆ ಅವಳನ್ನು ಮಲಗಿಸಿದೆವು. ತಲೆ ಚಿತ್ತಯ್ಯನ ತೊಡೆಯ ಮೇಲೆ, ಕಿಟಕಿಗಳೆಲ್ಲ ತೆರೆದವೇ. ತೆಂಗಿನ ತೋಟ ದಾಟಿ ಬಸ್ಸು ಓಟಕ್ಕೆ ಬಿತ್ತು. ಗಾಳಿ ರಪರಪ ಬಡಿಯುತ್ತಿತ್ತು, ಚೆಂಡುಹೂವಿನ ಎಸಳು ಒಳಗೆಲ್ಲ ಹಾರುತ್ತಿದ್ದವು. ಹೊಳಲ್ಕೆರೆ ಇನ್ನೂ ಬಂದಿರಲಿಲ್ಲ, ಅವಳ ರೆಪ್ಪೆ ಅಲುಗಿತು. ಬಾಯಿ ತೆರೆದು ಆ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿದಳು. "ನನ್ನ ಕಂಬಳಿ…" ಎಂದಳು.

"ಊರ ಗಡಿ ದಾಟಿದ್ವಲ್ಲ, ಬಿಟ್ತು ಮೇಷ್ಟ್ರೆ!" ಎಂದು ಚಿತ್ತಯ್ಯ ಅಳುತ್ತ ನಕ್ಕ. ಆಗಲೂ ನಾನು ತಲೆಯಾಡಿಸಿದೆ ಅಷ್ಟೇ.

ದುರ್ಗದ ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು. ರಕ್ತ ತೆಗೆದರು, ಎಕ್ಸರೇ ತೆಗೆದರು. ಮಧ್ಯಾಹ್ನ ಡಾಕ್ಟರ್ ಜಯಶೀಲಾ ನಮ್ಮಿಬ್ಬರನ್ನೂ ಒಳಗೆ ಕರೆದರು. ವಯಸ್ಸು ಚಿಕ್ಕದು, ಮಾತು ನೇರ.

"ಇವರು ದಿನಕ್ಕೆ ಎಷ್ಟು ಬೀಡಿ ಸೇದ್ತಾರೆ?"

ಚಿತ್ತಯ್ಯ ಕುರ್ಚಿಯಿಂದ ಎದ್ದುಬಿಟ್ಟ. "ಏನ್ ಮಾತಾಡ್ತೀರಿ ಡಾಕ್ಟ್ರೆ? ನಮ್ಮನೆ ಹೆಣ್ಮಕ್ಕಳು ಬೀಡಿ ಮುಟ್ಟಲ್ಲ."

"ಕೂತ್ಕೊಳ್ಳಿ. ಸೌದೆ ಒಲೆನಾ ಮನೇಲಿ?"

"ಗ್ಯಾಸು."

ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದರು. "ಮೂವತ್ತು ವರ್ಷ ಬೀಡಿ ಸೇದಿದವರ ಎದೆ ಹೀಗಿರುತ್ತೆ. ಇವರ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಬೇರೆ ಇದೆ. ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದವರಿಗೆ ಹೀಗಾಗೋದು. ಇನ್ನರ್ಧ ಗಂಟೆ ಅಲ್ಲೇ ಇದ್ದಿದ್ದರೆ ಉಳೀತಿರಲಿಲ್ಲ. ಎಲ್ಲಿ ಕೂತು ಕೆಲಸ ಮಾಡ್ತಾರೆ?"

"ಬಸ್ ಸ್ಟ್ಯಾಂಡ್‌ನಾಗೆ. ಹೂವು ಕಟ್ತಾಳೆ."

"ಅಲ್ಲಿ ಗಾಳಿ ಬರುತ್ತಾ?"

ಚಿತ್ತಯ್ಯನ ಮುಖ ಅರಳಿತು. ಕೊನೆಗೂ ತಿಳಿದವರೊಬ್ಬರು ಸರಿಯಾದ ಪ್ರಶ್ನೆ ಕೇಳಿದರು ಎಂಬಂತೆ ಮುಂದಕ್ಕೆ ಬಾಗಿದ.

"ಮೊದ್ಲು ಬರ್ತಿತ್ತು ಡಾಕ್ಟ್ರೆ. ಈಗ ಒಂದ್ ಚೂರೂ ಬರಲ್ಲ. ನಾನೇ ನಿಂತು ಎಲ್ಲಾ ಕಿಂಡಿ ಮುಚ್ಚಿದೀನಿ."

ಡಾಕ್ಟರು ಅವನನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಎರಡೂ ಅಂಗೈಯಲ್ಲಿ ಆ ಏಣಿಯ ಬಿದಿರು ಮತ್ತೆ ಬಂದು ಕೂತಂತಾಯಿತು. ಕಪ್ಪು ಬಟ್ಟೆ, ಕಂದಿದ ಮಲ್ಲಿಗೆ, ಮಧ್ಯಾಹ್ನದ ತಲೆನೋವು, ನನ್ನದೇ ಕೈಬರಹದ ಬೋರ್ಡು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಚಿತ್ತಯ್ಯನಿಗೆ ಬಿಡಿಸಿ ಹೇಳುವ ಧೈರ್ಯ ಅವತ್ತು ಬರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ ಅನುಪಮಾ ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಗಳಲ್ಲಿ ಗಾಳಿಯ ಧೂಳು ಅಳೆಯುವ ಕೆಲಸದಲ್ಲಿದ್ದಾಳೆ. ಅವಳಿಗೆ ಫೋನು ಮಾಡಿದೆ. ಹಬ್ಬ ಮುಗಿದ ಮೇಲೆ ಅಂಗೈಯಗಲದ ಎರಡು ಯಂತ್ರ ತಂದಳು. ಹೆಂಡತಿಯ ಬಟ್ಟೆ ಒಯ್ಯಲು ಊರಿಗೆ ಬಂದಿದ್ದ ಚಿತ್ತಯ್ಯನೂ ಸ್ಟ್ಯಾಂಡಿನಲ್ಲಿದ್ದ. ಎಂದಿನಂತೆ ಐದು ಬಸ್ಸು ಗುರ್‍ರ್ ಎನ್ನುತ್ತಿದ್ದವು.

"ಧೂಳಿನ ಅಂಕಿ ಅರವತ್ತು ದಾಟಿದ್ರೆ ಒಳ್ಳೇದಲ್ಲ ಸರ್. ಅದಿರು ಲಾರಿ ಹಿಂದೆ ನಿಂತ್ರೆ ಮುನ್ನೂರು ತೋರಿಸುತ್ತೆ," ಎನ್ನುತ್ತ ಶಿವಗಂಗಮ್ಮನ ಮೂಲೆಗೆ ಬಂದು ಯಂತ್ರ ಒತ್ತಿದಳು. ಅಂಕಿ ಏರಿತು. ನಾನೂರು, ಆರುನೂರು, ಒಂಬೈನೂರು. ಅಲ್ಲಿಗೆ ನಿಂತಿತು, ಅದಕ್ಕಿಂತ ಮೇಲೆ ತೋರಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಕೆಟ್ಟಿರಬೇಕು ಎಂದು ಹೊರಗೆ ರಸ್ತೆಗೆ ಒಯ್ದಳು. ಐವತ್ತೈದು. ಮತ್ತೆ ಒಳಗೆ ತಂದಳು. ಒಂಬೈನೂರು. ಇಷ್ಟರಲ್ಲಿ ಎರಡನೇ ಯಂತ್ರ, ಕಾರ್ಬನ್ ಮಾನಾಕ್ಸೈಡಿನದು, ಕೀಕ್ ಕೀಕ್ ಎಂದು ಅರಚತೊಡಗಿತು.

ಅನುಪಮಾ ನನ್ನ ತೋಳು ಹಿಡಿದು ಎಳೆದಳು. "ಸರ್, ಇಲ್ಲಿ ನಿಲ್ಲಬೇಡಿ. ಹೊರಗೆ ಬನ್ನಿ." ರಸ್ತೆಗೆ ಬಂದಮೇಲೆ ಕೇಳಿದಳು, "ಆ ಮೂಲೇಲಿ ಅವರು ಎಷ್ಟು ಹೊತ್ತು ಕೂತಿರ್ತಿದ್ರು?"

"ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ. ಮೂರು ವರ್ಷ."

ಹಿಂದೆಯೇ ಬಂದಿದ್ದ ಚಿತ್ತಯ್ಯ ಯಂತ್ರವನ್ನೇ ದಿಟ್ಟಿಸುತ್ತಿದ್ದ. "ಅವ್ವಾ, ಇದಕ್ಕೆ ಗಾಳಿ ಕಾಣ್ತೈತಾ? ಒಳಗೆ ಗಾಳಿ ಐತೆ ಅಂತಾನಾ ಕೂಗಿದ್ದು?"

"ಇಲ್ಲ ಅಣ್ಣಾ. ಒಳಗೆ ಗಾಳಿನೇ ಇಲ್ಲ ಅಂತ ಕೂಗಿದ್ದು. ಬರೀ ಹೊಗೆ ಐತೆ. ಹೋಗೋಕೆ ದಾರಿನೇ ಇಟ್ಟಿಲ್ವಲ್ಲ, ಆ ಕಿಂಡಿ ಯಾರು ಮುಚ್ಚಿದ್ದು?"

ಆಗ ನಾನು ಹೇಳಿದೆ. ಅವನ ಮುಖ ನೋಡದೆ, ಚರಂಡಿಯ ಕಡೆ ನೋಡುತ್ತ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಇಂಜಿನ್ನಿನ ಹೊಗೆ, ಅದರೊಳಗಿನ ವಿಷ, ಕಿಂಡಿ, ಏಣಿ. ಬಯ್ಯುತ್ತಾನೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ. ಅವನು ಬಯ್ಯಲಿಲ್ಲ.

"ನಿಮ್ಗೆ ಇದು ಗೊತ್ತಿತ್ತಾ ಮೇಷ್ಟ್ರೆ?" ಎಂದ.

"ಗೊತ್ತಿತ್ತು. ಪಾಠ ಮಾಡ್ತೀನಿ," ಎಂದೆ. ಇಷ್ಟು ವರ್ಷದಲ್ಲಿ ಅಷ್ಟು ಅವಮಾನದ ಮಾತನ್ನು ನಾನು ಆಡಿಲ್ಲ.

ಚಿತ್ತಯ್ಯ ಒಳಗೆ ಹೋಗಿ ಏಣಿ ತಂದ. ಈ ಸಲ ಹಿಡಿದುಕೊಳ್ಳಿ ಎಂದು ಕೇಳಲಿಲ್ಲ. ನಾನೇ ಹೋಗಿ ಹಿಡಿದೆ. ಗಂಟು ಬಿಚ್ಚಲು ತಾಳ್ಮೆಯಿಲ್ಲದೆ ಹರಿದ. ಒಂದೊಂದೇ ಫ್ಲೆಕ್ಸು ಬಿದ್ದಾಗ ಮಸಿ ನಮ್ಮ ತಲೆಯ ಮೇಲೆ ಉದುರಿತು. ಒಳಗಡೆಯ ಮೈ ಪೂರಾ ಕಪ್ಪಾಗಿತ್ತು, ಕೈಮುಗಿದವರ ಒಂದು ಮುಖವೂ ಉಳಿದಿರಲಿಲ್ಲ. ಹನ್ನೊಂದನೆಯದು ಬಿದ್ದ ಮೇಲೆ ಅವನು ಏಣಿಯ ಮೇಲಿಂದಲೇ ತಿರುಗಿ, ಸ್ಟ್ಯಾಂಡು ಅದುರುವಂತೆ ಕೂಗಿದ.

"ಬಂದ್ ಮಾಡ್ರೋ ಇಂಜಿನ್ನ! ಲೇ, ಬಂದ್ ಮಾಡ್ರಲೇ ಎಲ್ಲಾನೂ!"

ಮೊದಲು ಕನಕರಾಜ ಬಂದ್ ಮಾಡಿದ. ಆಮೇಲೆ ಒಬ್ಬೊಬ್ಬರೇ. ಮೂರು ವರ್ಷದಲ್ಲಿ ಮೊದಲ ಸಲ ಅಲ್ಲಿ ಪಾರಿವಾಳದ ಸದ್ದು ಕೇಳಿತು.

ಮಾರನೇ ದಿನ ದುರ್ಗಕ್ಕೆ ಹೋದೆವು. ಶಿವಗಂಗಮ್ಮನ ಮುಸುಕು ತೆಗೆದಿದ್ದರು. ಎದೆ ಮೊದಲಿನಂತಾಗುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಆ ಸ್ಟ್ಯಾಂಡಿನೊಳಗೆ ಇನ್ನು ಕೂರುವಂತಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಕಿಟಕಿಯ ಪಕ್ಕದ ಮಂಚ ಕೇಳಿ ಹಾಕಿಸಿಕೊಂಡಿದ್ದಳು. ಕಿಟಕಿಯ ಒಂದು ಬಾಗಿಲು ತೆರೆದಿತ್ತು. ದೂರದಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಚಿತ್ತಯ್ಯ ಅವಳ ಕಾಲ ಬಳಿ ಕೂತ. ಹೇಗೆ ಶುರು ಮಾಡಬೇಕೋ ತಿಳಿಯದೆ, "ಗಂಗಿ, ನಿಂಗೆ ಸೋಕಿದ್ದು ಆ ಗಾಳಿ ಅಲ್ವಂತೆ ಕಣೇ," ಎಂದ.

ಅವಳು ಅವನನ್ನು ನೋಡಿದಳು. ನನ್ನನ್ನೂ ನೋಡಿದಳು. ಮಾತು ನಿಧಾನ, ನಡುನಡುವೆ ಉಸಿರು ಎಳೆದುಕೊಂಡು.

"ನಂಗೆ ಗಾಳಿ ಸೋಕೈತೆ ಅಂತ ನಾನ್ಯಾವಾಗ ಅಂದೆ? ಉಸಿರು ಕಟ್ತಿತ್ತು. ಗಾಳಿ ಬೇಕು ಅಂದೆ. ಬೇಕು ಅನ್ನಾಕೆ ಉಸಿರು ಸಾಲ್ತಿರ್ಲಿಲ್ಲ."

ಚಿತ್ತಯ್ಯ ಎದ್ದು ಕಿಟಕಿಯ ಬಳಿ ಹೋದ. ಕಿಟಕಿಯ ಇನ್ನೊಂದು ಬಾಗಿಲು ಮಳೆಗೆ ಉಬ್ಬಿ ಬಿಗಿದುಕೊಂಡಿತ್ತು. ಅವನೊಬ್ಬನಿಂದ ಆಗಲಿಲ್ಲ. ನಾನೂ ಹೋಗಿ ಕೈ ಹಾಕಿದೆ. ಇಬ್ಬರೂ ಸೇರಿ ಎಳೆದು ತೆರೆದೆವು.